ಹೂಜಿ ಗಿಡ ಹೂ ಬಿಟ್ಟಿದೆ, ಮುಂದೇನು?

ಮಳೆಗಾಲ ಕಳೆಯುತ್ತ ಬಂದಂತೆ ಮುಂಬೈ ಕಡೆಯ ಡೊಂಬಿವಲಿಯಿಂದಲೋ ಚೆಂಬೂರಿನಿಂದಲೋ ಯಾರಾದರೊಬ್ಬರು ಫೋಟೊ ಕಳುಹಿಸಿ ಕೇಳುತ್ತಾರೆ: "ನಮ್ಮ ಹೂಜಿ ಗಿಡದ ತುದಿಯಲ್ಲಿ ಉದ್ದನೆಯ ಕಡ್ಡಿಯೊಂದು ಎದ್ದಿದೆ, ಮೈತುಂಬ ಕಾಳಿನಂಥ ಮೊಗ್ಗುಗಳಿವೆ. ಇದೇನು? ಕತ್ತರಿಸಿಬಿಡಲೇ?" ಎಲೆತುದಿಯ ಹೂಜಿಗಳಲ್ಲಿ ಕೀಟ ಹಿಡಿಯುವ ಈ ಗಿಡ (ಇಂಗ್ಲಿಷಿನಲ್ಲಿ ಪಿಚರ್ ಪ್ಲಾಂಟ್) ನೇತಾಡುವ ಕುಂಡಗಳಲ್ಲಿ ನಗರದ ನರ್ಸರಿಗಳಲ್ಲಿ ಸುಲಭವಾಗಿ ಸಿಗತೊಡಗಿ ಕೆಲವು ವರ್ಷಗಳಾಗಿವೆ. ಆಗ ಕೊಂಡ ಪುಟ್ಟ ಗಿಡಗಳು ಈಗ ಬಳ್ಳಿಯಾಗಿ ಬಾಲ್ಕನಿಯ ಗ್ರಿಲ್ ಹಿಡಿದು ಮೇಲೇರಿವೆ, ಹೂ ಬಿಡುವ ವಯಸ್ಸಿಗೆ ಬಂದಿವೆ. ಹೂಜಿಗಳನ್ನು ನೋಡಿ ಮೆಚ್ಚಿ ತಂದವರಿಗೆ ಹೂವಿನ ವಿಷಯ ಯಾರೂ ಹೇಳಿರುವುದಿಲ್ಲ.

ಗಿಡ ಆರೋಗ್ಯವಾಗಿದ್ದರೆ ಕತ್ತರಿಸಬೇಡಿ. ಆ ಕಡ್ಡಿಯೇ ಹೂಗೊಂಚಲು. ಅದರಿಂದ ಬೀಜ ಪಡೆದು, ಬೀಜದಿಂದ ಹೊಸ ಸಸಿಗಳನ್ನು ಮನೆಯಲ್ಲೇ ಎಬ್ಬಿಸಬಹುದು. ಕೈಯ ಕೆಲಸವಾಗಿ ನೋಡಿದರೆ ಇದಕ್ಕೆ ಒಂದು ಸಣ್ಣ ಬ್ರಷ್ ಸಾಕು. ಕಷ್ಟವಿರುವುದು ಬೇರೆ ಕಡೆ: ಗಂಡು ಹೂವೂ ಹೆಣ್ಣು ಹೂವೂ ಒಂದೇ ಹೊತ್ತಿಗೆ ಕೈಗೆ ಸಿಗಬೇಕು. ಈ ಲೇಖನದ ಬಹುಪಾಲು ಆ ಕಷ್ಟವನ್ನು ದಾಟುವುದರ ಬಗ್ಗೆಯೇ ಇದೆ.

ಹೂಜಿ ಎಂದರೆ ಎಲೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬಣ್ಣಬಣ್ಣದ ಹೂಜಿಯನ್ನೇ ಹೂವೆಂದು ಹಲವರು ತಿಳಿದಿದ್ದಾರೆ. ಅದು ಎಲೆಯ ಭಾಗ. ಎಲೆಯ ನಡುನರ ತುದಿಯಿಂದಾಚೆ ಬಳ್ಳಿಯಂತೆ ಚಾಚಿ, ಅದರ ಕೊನೆ ಊದಿಕೊಂಡು, ಮುಚ್ಚಳವಿರುವ ಹೂಜಿಯಾಗುತ್ತದೆ. ಅದರ ಅಂಚು ಒದ್ದೆಯಾದಾಗ ಬಹಳ ಜಾರುತ್ತದೆ. ಜೇನಿನಂಥ ರಸಕ್ಕೆ ಬಂದ ಇರುವೆ ನೊಣಗಳು ಒಳಗಿನ ದ್ರವಕ್ಕೆ ಬೀಳುತ್ತವೆ, ಅಲ್ಲಿ ಜೀರ್ಣವಾಗುತ್ತವೆ. ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುವ ಈ ಗಿಡಕ್ಕೆ ಬೇಕಾದ ಸಾರಜನಕ ಸಿಗುವುದು ಹೀಗೆ.

ಸಸ್ಯಶಾಸ್ತ್ರದಲ್ಲಿ ಇದರ ಕುಲದ ಹೆಸರು ನೆಪೆಂಥಿಸ್. ಮಡಗಾಸ್ಕರ್‌ನಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಕುಲದಲ್ಲಿ 170ಕ್ಕೂ ಹೆಚ್ಚು ಪ್ರಭೇದಗಳಿವೆ. ಬೋರ್ನಿಯೊ, ಸುಮಾತ್ರಾ, ಫಿಲಿಪ್ಪೀನ್ಸ್ ಇವುಗಳ ತವರು. ಭಾರತದಲ್ಲಿ ಸಹಜವಾಗಿ ಬೆಳೆಯುವುದು ಒಂದೇ, ಮೇಘಾಲಯದ ಬೆಟ್ಟಗಳ ನೆಪೆಂಥಿಸ್ ಖಾಸಿಯಾನಾ.

ನಮ್ಮ ಪಶ್ಚಿಮ ಘಟ್ಟದಲ್ಲಿ ನೆಪೆಂಥಿಸ್ ಇಲ್ಲ. ಪುಣೆಯವರು ಮಳೆಗಾಲದಲ್ಲಿ ಸಾತಾರಾದ ಕಾಸ್ ಪ್ರಸ್ಥಭೂಮಿಗೆ ಹೋದಾಗ ಕಾಣುವ ಕೀಟಾಹಾರಿಗಳು ಡ್ರೊಸೆರಾ ಮತ್ತು ಯುಟ್ರಿಕ್ಯುಲೇರಿಯಾ. ಗೋವಾದ ಜಂಬಿಟ್ಟಿಗೆ ಕಲ್ಲಿನ ಬಯಲುಗಳಲ್ಲೂ ಅವೇ. ಅವು ಹೆಚ್ಚಾಗಿ ಗೇಣೆತ್ತರವೂ ಬೆಳೆಯದ, ಬೇರೆಯೇ ಕುಟುಂಬಗಳ ಸಸ್ಯಗಳು. ಅವನ್ನು ಕಿತ್ತು ತಂದು ಕುಂಡದಲ್ಲಿ ಬೆಳೆಸುವ ಯೋಚನೆಯನ್ನು ದಯವಿಟ್ಟು ಬಿಡಿ.

ಗಂಡು ಗಿಡ, ಹೆಣ್ಣು ಗಿಡ

ದಾಸವಾಳದ ಒಂದೇ ಹೂವಿನಲ್ಲಿ ಗಂಡು ಭಾಗವೂ ಹೆಣ್ಣು ಭಾಗವೂ ಇರುತ್ತವೆ. ಕುಂಬಳದಲ್ಲಿ ಹೂಗಳು ಬೇರೆ ಬೇರೆ, ಬಳ್ಳಿ ಒಂದೇ. ನೆಪೆಂಥಿಸ್ ಇವೆರಡಕ್ಕಿಂತ ಬೇರೆ: ಒಂದು ಗಿಡ ಪೂರ್ತಿ ಗಂಡು, ಇನ್ನೊಂದು ಪೂರ್ತಿ ಹೆಣ್ಣು. ಈ ಕುಲದ ಎಲ್ಲ ಪ್ರಭೇದಗಳೂ ಹೀಗೆಯೇ. ಕರಾವಳಿಯ ಅಥವಾ ಗೋವಾದ ತೋಟದಲ್ಲಿ ಜಾಯಿಕಾಯಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೀಜದಿಂದ ಎದ್ದ ಜಾಯಿಕಾಯಿ ಸಸಿಯನ್ನು ವರ್ಷಗಟ್ಟಲೆ ಸಾಕಿದ ಮೇಲೆ, ಮೊದಲ ಹೂ ಬಂದಾಗಲೇ ಅದು ಕಾಯಿ ಕೊಡುವ ಮರವೋ ಅಲ್ಲವೋ ತಿಳಿಯುವುದು. ಹೂಜಿ ಗಿಡವೂ ಹಾಗೆಯೇ. ಎಲೆ, ಹೂಜಿ, ಕಾಂಡ ಯಾವುದನ್ನು ನೋಡಿದರೂ ಗಂಡೋ ಹೆಣ್ಣೋ ಹೇಳಲಾಗದು.

ಹೂ ಬಂದ ಮೇಲೆ ಗುರುತಿಸುವುದು ಸುಲಭ. ಎರಡರಲ್ಲೂ ದಳಗಳಂತೆ ಕಾಣುವ ನಾಲ್ಕು ಪುಟ್ಟ ಎಸಳುಗಳಿರುತ್ತವೆ, ಅವುಗಳ ಮೇಲೆ ಸಿಹಿರಸ ಒಸರುತ್ತದೆ. ಗಂಡು ಹೂವಿನ ನಡುವೆ ಒಂದು ಸಣ್ಣ ಕಂಬ, ಅದರ ತಲೆಯ ಮೇಲೆ ಸಾಸಿವೆಯಂಥ ಗುಂಡು. ಆ ಗುಂಡು ಒಡೆದಾಗ ಹಳದಿ ಪುಡಿ ಕಾಣುತ್ತದೆ, ಅದೇ ಪರಾಗ. ಹೆಣ್ಣು ಹೂವಿನ ನಡುವೆ ಕಂಬವಿಲ್ಲ. ಅಲ್ಲಿ ಎರಡು ತುದಿ ಕಿರಿದಾದ ಹಸಿರು ಕಾಯಿಯಂಥ ಅಂಡಾಶಯ ನೇರವಾಗಿ ಕೂತಿರುತ್ತದೆ. ಅದರ ನೆತ್ತಿಯಲ್ಲಿ ನಾಲ್ಕು ಪಾಲಾಗಿ ಕಾಣುವ ಸಣ್ಣ ಗದ್ದುಗೆಯೇ ಶಲಾಕಾಗ್ರ, ಅಂದರೆ ಪರಾಗ ಬಂದು ಅಂಟಬೇಕಾದ ಜಾಗ.

ಇಲ್ಲಿ ಕೊಳ್ಳುವವರು ತಿಳಿದಿರಬೇಕಾದ ಮಾತೊಂದಿದೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ನರ್ಸರಿಗಳಲ್ಲಿ ಸಿಗುವ ಹೂಜಿ ಗಿಡಗಳಲ್ಲಿ ಬಹಳಷ್ಟು ಅಂಗಾಂಶ ಕೃಷಿಯಿಂದ ಬಂದವು. ಅಂದರೆ ಒಂದೇ ತಾಯಿಗಿಡದ ತುಣುಕುಗಳನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿ ಸಾವಿರಗಟ್ಟಲೆ ಪಡಿಯಚ್ಚು ತೆಗೆದಂಥವು. ಪಡಿಯಚ್ಚುಗಳ ಲಿಂಗವೂ ಒಂದೇ. ಒಂದೇ ಅಂಗಡಿಯಲ್ಲಿ ಒಂದೇ ಹೆಸರಿನ ಎರಡು ಗಿಡ ಕೊಂಡು, ಜೋಡಿಯಾಯಿತು ಎಂದುಕೊಂಡರೆ ಎರಡೂ ಗಂಡಾಗಿರಬಹುದು, ಎರಡೂ ಹೆಣ್ಣಾಗಿರಬಹುದು. ಗೆಣ್ಣು ಕತ್ತರಿಸಿ ನೆಟ್ಟು ಮಾಡಿದ ಗಿಡಗಳಿಗೂ ಇದೇ ಮಾತು. ತಳಿ ಅಭಿವೃದ್ಧಿ ಮಾಡುವ ಆಸೆಯಿದ್ದರೆ ಬೀಜದಿಂದ ಎದ್ದ ಗಿಡಗಳನ್ನು ಹುಡುಕಿ, ಇಲ್ಲವೇ ಬೇರೆ ಬೇರೆ ಮೂಲದ, ಬೇರೆ ಬೇರೆ ಹೆಸರಿನ ಗಿಡಗಳನ್ನು ತನ್ನಿ.

ನಮ್ಮ ಊರುಗಳ ಹವೆಗೆ ಯಾವುದು?

ನೆಪೆಂಥಿಸ್‌ಗಳಲ್ಲಿ ತಗ್ಗು ನಾಡಿನವು, ಎತ್ತರದ ಬೆಟ್ಟದವು ಎಂದು ಎರಡು ಬಗೆ. ಬೆಟ್ಟದವಕ್ಕೆ ರಾತ್ರಿ ತಂಪು ಬೇಕೇ ಬೇಕು. ಬೋರ್ನಿಯೊದ ಕಿನಬಾಲು ಪರ್ವತದ ಹೆಸರಾಂತ ನೆಪೆಂಥಿಸ್ ರಾಜಾವನ್ನು ಅಂಧೇರಿಯ ಬಾಲ್ಕನಿಯಲ್ಲಿ ಇಟ್ಟರೆ ಅದು ಬೇಸಿಗೆ ದಾಟುವುದಿಲ್ಲ. ಮುಂಬೈ ಮತ್ತು ಗೋವಾದ ಸೆಕೆ ತಗ್ಗು ನಾಡಿನ ಪ್ರಭೇದಗಳಿಗೆ ಒಗ್ಗುತ್ತದೆ: ಆಂಪುಲೇರಿಯಾ, ರಾಫ್ಲೆಸಿಯಾನಾ, ಮಿರಾಬಿಲಿಸ್, ಗ್ರಾಸಿಲಿಸ್. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ವೆಂಟ್ರಾಟಾ ಎಂಬ ಮಿಶ್ರತಳಿಯೂ ಗಟ್ಟಿಮುಟ್ಟು. ಪುಣೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಗ್ಗು ನಾಡಿನವಕ್ಕೆ ಚಳಿಯಾಗುತ್ತವೆ, ಮಾರ್ಚ್‌ನಿಂದ ಮೇವರೆಗಿನ ಒಣಹವೆಯಲ್ಲಿ ಹೂಜಿಗಳು ಸುಟ್ಟಂತಾಗುತ್ತವೆ. ಚಳಿಯಲ್ಲಿ ಮನೆಯೊಳಗೆ, ಬೇಸಿಗೆಯಲ್ಲಿ ನೆರಳುಬಲೆಯ ಕೆಳಗೆ ಇಟ್ಟರೆ ಅಲ್ಲಿಯೂ ವೆಂಟ್ರಾಟಾದಂಥವು ಚೆನ್ನಾಗಿ ಬಾಳುತ್ತವೆ.

ಹೂ ಬಿಡಲು ಗಿಡ ಬಲಿತಿರಬೇಕು, ಬೆಳಕು ಧಾರಾಳವಾಗಿ ಸಿಗಬೇಕು. ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಬಾಲ್ಕನಿ ಒಳ್ಳೆಯದು. ಬಳ್ಳಿ ಉದ್ದವಾಯಿತೆಂದು ತುದಿ ಚಿವುಟುತ್ತಿದ್ದರೆ ಹೂವೂ ದೂರವಾಗುತ್ತ ಹೋಗುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಈ ಬೇರುಗಳಿಗೆ ನಿಧಾನ ವಿಷ. ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಪೆನ್ನಿನಷ್ಟೇ ಗಾತ್ರದ್ದು, ಒಂದನ್ನು ಕೊಂಡಿಟ್ಟುಕೊಳ್ಳಿ. ಅದು 50ಕ್ಕಿಂತ ಕಡಿಮೆ ತೋರಿಸಿದರೆ ಬಹಳ ಒಳ್ಳೆಯದು, 100ರ ಒಳಗಿದ್ದರೆ ನಡೆಯುತ್ತದೆ. ಮಳೆನೀರು ಎಲ್ಲಕ್ಕಿಂತ ಉತ್ತಮ. ಗೊಬ್ಬರ ಬೆರೆಸಿದ ಮಣ್ಣು ಬೇಡವೇ ಬೇಡ. ಒಣಗಿಸಿದ ಸ್ಫ್ಯಾಗ್ನಮ್ ಪಾಚಿ, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಇಷ್ಟರಲ್ಲೇ ಬೆಳೆಸಬೇಕು. ನಾರಿನ ಪುಡಿಯಲ್ಲಿ ಉಪ್ಪು ಇರುವುದು ಸಾಮಾನ್ಯ. ಹಿಂಡಿದ ನೀರನ್ನು ಮೀಟರಿನಲ್ಲಿ ನೋಡಿ, ಅಂಕಿ ಇಳಿಯುವವರೆಗೆ ತೊಳೆಯಿರಿ.

ಪರಾಗವನ್ನು ಕಾಪಿಡುವುದು

ಗೊಂಚಲಿನ ಹೂಗಳು ಬುಡದಿಂದ ತುದಿಯ ಕಡೆಗೆ ಒಂದೊಂದಾಗಿ ಅರಳುತ್ತ ಹೋಗುತ್ತವೆ. ಗಂಡು ಗೊಂಚಲು ಎರಡು ವಾರದ ಆಸುಪಾಸು ಪರಾಗ ಕೊಡಬಹುದು. ಆದರೆ ನಿಮ್ಮ ಗಂಡು ಸೆಪ್ಟೆಂಬರಿನಲ್ಲಿ ಅರಳಿ, ಮಾತುಂಗಾದ ಗೆಳೆಯರ ಹೆಣ್ಣು ನವೆಂಬರಿನಲ್ಲಿ ಅರಳಿದರೆ? ಹೆಚ್ಚಿನ ಪ್ರಯತ್ನಗಳು ನಿಲ್ಲುವುದು ಇಲ್ಲಿಯೇ. ಪರಾಗವನ್ನು ಸರಿಯಾಗಿ ಒಣಗಿಸಿ ತಣ್ಣಗಿಟ್ಟರೆ ಅದು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ ಎಂಬುದು ಗೊತ್ತಿದ್ದರೆ ಈ ತಡೆ ದೊಡ್ಡದಲ್ಲ.

ಹೂ ಅರಳಿ, ಗುಂಡಿನ ಮೇಲೆ ಹಳದಿ ಪುಡಿ ಕಾಣಿಸಿಕೊಂಡ ದಿನ, ಬೆಳಗಿನ ಇಬ್ಬನಿ ಆರಿದ ಮೇಲೆ ಸಂಗ್ರಹಿಸಿ. ಗೊಂಚಲಿನ ಕೆಳಗೆ ಅಲ್ಯುಮಿನಿಯಂ ಹಾಳೆ ಹಿಡಿದು ಮೆಲ್ಲಗೆ ತಟ್ಟಿದರೆ ಪುಡಿ ಉದುರುತ್ತದೆ. ಉದುರದಿದ್ದರೆ ಪರಾಗ ತುಂಬಿದ ಹೂಗಳನ್ನೇ ಚಿಮುಟದಿಂದ ಬಿಡಿಸಿಕೊಳ್ಳಬಹುದು, ಗಂಡು ಗಿಡಕ್ಕೆ ಇದರಿಂದ ನಷ್ಟವಿಲ್ಲ. ಮುಂಬೈಯ ಮಳೆಗಾಲದಲ್ಲಿ ತೇವವೇ ದೊಡ್ಡ ಶತ್ರು, ಒದ್ದೆಯಾದ ಪರಾಗಕ್ಕೆ ಬೂಷ್ಟು ಹಿಡಿಯಲು ತಡವಾಗುವುದಿಲ್ಲ. ಗೊಂಚಲು ಅರಳುವ ದಿನಗಳಲ್ಲಿ ಕುಂಡವನ್ನು ಮಳೆ ಬೀಳದ ಕಡೆಗೆ ಸರಿಸಿಡಿ. ಗಂಡು ಹೂಗಳಿಗೆ ಬಹಳ ಸಲ ಮುಗ್ಗಲು ಬೆರೆತ ಗಾಢ ವಾಸನೆ ಇರುತ್ತದೆ, ಆದ್ದರಿಂದ ಮಲಗುವ ಕೋಣೆ ಬೇಡ.

ಸಂಗ್ರಹಿಸಿದ ಪುಡಿಯನ್ನು ಬಿಳಿ ಕಾಗದದ ಪೊಟ್ಟಣದಲ್ಲಿ ಮಡಚಿ, ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಪುಟ್ಟ ಪೊಟ್ಟಣಗಳಲ್ಲಿ ಇರುವುದು ಅದೇ. ಒಂದು ದಿನ ಹೀಗೆ ಒಣಗಿದ ಮೇಲೆ ಡಬ್ಬಿ ಫ್ರಿಜ್ಜಿಗೆ ಹೋಗಲಿ. ಕೆಲವು ವಾರಗಳಿಗೆ ಫ್ರಿಜ್ ಸಾಕು, ತಿಂಗಳುಗಟ್ಟಲೆ ಇಡಬೇಕಾದರೆ ಫ್ರೀಜರ್ ಬೇಕು. ಹೊರತೆಗೆದಾಗ ಡಬ್ಬಿಯನ್ನು ಕೂಡಲೇ ತೆರೆಯಬೇಡಿ. ಅದು ಕೋಣೆಯ ಬಿಸುಪಿಗೆ ಬರುವವರೆಗೆ ಕಾಯಿರಿ, ಇಲ್ಲವಾದರೆ ಹೊರಗಿನ ತೇವ ತಣ್ಣನೆಯ ಪರಾಗದ ಮೇಲೆ ನೀರಾಗಿ ಕೂರುತ್ತದೆ. ಪೊಟ್ಟಣದ ಮೇಲೆ ಗಿಡದ ಹೆಸರು, ಸಂಗ್ರಹಿಸಿದ ತಾರೀಕು ಬರೆಯುವುದನ್ನು ನಾಳೆಗೆ ಮುಂದೂಡಬೇಡಿ.

ಹೀಗೆ ಒಣಗಿಸಿದ ಪರಾಗ ಸಾಮಾನ್ಯ ಲಕೋಟೆಯಲ್ಲಿ ಪ್ರಯಾಣ ಮಾಡಬಲ್ಲದು. ಮುಂಬೈಯ ಪರಾಗ ಸ್ಪೀಡ್ ಪೋಸ್ಟಿನಲ್ಲಿ ಪುಣೆಯ ಹೆಣ್ಣು ಗಿಡಕ್ಕೆ, ಮಡಗಾಂವಿನದು ಮುಂಬೈಗೆ ಹೋಗುವುದಕ್ಕೆ ಏನೂ ಅಡ್ಡಿಯಿಲ್ಲ. ಒಂದೇ ಮನೆಯಲ್ಲಿ ಜೋಡಿ ಇರಲೇಬೇಕೆಂದಿಲ್ಲ ಎನ್ನುವುದು ಈ ಹವ್ಯಾಸದ ಬಲುದೊಡ್ಡ ಅನುಕೂಲ. ಗಿಡ ಇರುವ ನಾಲ್ಕಾರು ಮನೆಯವರು ಪರಸ್ಪರ ತಿಳಿಸಿಕೊಂಡಿದ್ದರೆ ಸಾಕು.

ಬ್ರಷ್ ಹಿಡಿಯುವ ಹೊತ್ತು

ಹೆಣ್ಣು ಹೂ ಅರಳಿದ ಕೂಡಲೇ ಪರಾಗ ಹಚ್ಚಬಾರದು. ನೆತ್ತಿಯ ಗದ್ದುಗೆಯನ್ನು ದಿನವೂ ಭೂತಗನ್ನಡಿಯಲ್ಲಿ ನೋಡಿ. ಒಣಗಿದಂತಿದ್ದ ಅದು ಒಂದೆರಡು ದಿನಗಳಲ್ಲಿ ಒದ್ದೆಯಾಗಿ ಹೊಳೆಯತೊಡಗುತ್ತದೆ. ಆ ಹೊಳಪೇ ಸೂಚನೆ, ಪರಾಗವನ್ನು ಹಿಡಿದುಕೊಳ್ಳುವ ಅಂಟು ಈಗ ಬಂದಿದೆ ಎಂದರ್ಥ. ಕೆಲವು ದಿನಗಳಲ್ಲಿ ಅದು ಕಂದಾಗಿ ಒಣಗುತ್ತದೆ, ಆಮೇಲೆ ಪ್ರಯೋಜನವಿಲ್ಲ.

ಚಿತ್ರ ಬರೆಯುವ ಅತಿ ಸಣ್ಣ ಬ್ರಷ್ಷಿನಿಂದ ಅಥವಾ ಹಲ್ಲುಕಡ್ಡಿಯ ತುದಿಯಿಂದ ಪರಾಗವನ್ನು ಗದ್ದುಗೆಗೆ ತಾಗಿಸಿ. ಅಲ್ಲಿ ಹಳದಿ ಬಣ್ಣ ಕಣ್ಣಿಗೆ ಕಾಣುವಷ್ಟು ಅಂಟಬೇಕು. ತಾಜಾ ಗಂಡು ಹೂ ಇದ್ದರೆ ಅದನ್ನೇ ಚಿಮುಟದಲ್ಲಿ ಹಿಡಿದು ನೇರವಾಗಿ ಒತ್ತಬಹುದು. ಹೂಗಳು ಒಂದೇ ದಿನ ಪಕ್ವವಾಗುವುದಿಲ್ಲವಾದ್ದರಿಂದ, ಬುಡದಿಂದ ತುದಿಯವರೆಗೆ ಅರಳುವ ಅಷ್ಟೂ ದಿನ ಈ ಕೆಲಸ ಮುಂದುವರಿಯಬೇಕು. ಒಂದೇ ಹೂವಿಗೆ ಎರಡು ಮೂರು ದಿನ ಬಿಡದೆ ಹಚ್ಚಿದರೆ ಕಾಯಿ ಕಟ್ಟುವ ಸಾಧ್ಯತೆ ಹೆಚ್ಚು.

ಬಾಲ್ಕನಿಯಲ್ಲಿ ಬೇರೆ ಗಂಡು ಗಿಡವೂ ಅರಳಿದ್ದರೆ ನೊಣಗಳೇ ನಿಮಗಿಂತ ಮುಂಚೆ ಪರಾಗ ತಲುಪಿಸಿಬಿಡಬಹುದು. ತಂದೆ ಯಾರೆಂದು ಖಚಿತವಾಗಿ ತಿಳಿದಿರಬೇಕೆಂದಿದ್ದರೆ ಹೆಣ್ಣು ಗೊಂಚಲಿಗೆ ಮೊಗ್ಗಿನಲ್ಲೇ ತೆಳು ಬಲೆಬಟ್ಟೆಯ ಚೀಲ ಕಟ್ಟಿ.

ಕಾಯಿ ಮಾಗಿಸುವುದು ಗಿಡಕ್ಕೆ ಭಾರದ ಕೆಲಸ ಎಂಬುದನ್ನೂ ಹೇಳಬೇಕು. ಇತ್ತೀಚೆಗೆ ಕುಂಡ ಬದಲಿಸಿದ್ದರೆ, ಎಲೆ ಹಳದಿಯಾಗಿ ಸೊರಗಿದ್ದರೆ, ಆಗ ಮಾತ್ರ ಹೂಗೊಂಚಲನ್ನು ಕತ್ತರಿಸಿ ಗಿಡವನ್ನು ಉಳಿಸಿಕೊಳ್ಳುವುದೇ ಸರಿ.

ಯಾವುದಕ್ಕೆ ಯಾವುದನ್ನು ಕೂಡಿಸಬಹುದು?

ನೆಪೆಂಥಿಸ್ ಪ್ರಭೇದಗಳು ಒಂದರೊಡನೊಂದು ಬಹಳ ಸುಲಭವಾಗಿ ಕೂಡುತ್ತವೆ, ಅವುಗಳ ಮಿಶ್ರತಳಿಗಳೂ ಸಾಮಾನ್ಯವಾಗಿ ಬೀಜ ಕಟ್ಟಬಲ್ಲವು. ಕಾಡಿನಲ್ಲೇ ಇದು ನಡೆಯುತ್ತದೆ: ಆಂಪುಲೇರಿಯಾ ಮತ್ತು ರಾಫ್ಲೆಸಿಯಾನಾ ಸೇರಿ ಹುಟ್ಟಿದ ಹೂಕೆರಿಯಾನಾ ಬೋರ್ನಿಯೊದಲ್ಲಿ ಸಹಜವಾಗಿ ಬೆಳೆಯುತ್ತದೆ. ಮನುಷ್ಯರು ಈ ಕೆಲಸಕ್ಕೆ ಕೈಹಾಕಿದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ. ವೀಚ್ ಕುಟುಂಬದ ನರ್ಸರಿಯಲ್ಲಿ ಜಾನ್ ಡೊಮಿನಿ ಎಂಬ ತೋಟಗಾರ ಮೊದಲ ಕೃತಕ ಮಿಶ್ರತಳಿಯನ್ನು ಬೆಳೆಸಿದರು. ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಮಿಶ್ರತಳಿಯ ಹೆಸರು ಬರೆಯುವಾಗ ತಾಯಿ ಮೊದಲು, ನಡುವೆ ಗುಣಾಕಾರದ ಚಿಹ್ನೆ, ಆಮೇಲೆ ತಂದೆ. ಈ ಕ್ರಮ ತಪ್ಪಿದರೆ ಮುಂದೆ ಆ ಗಿಡದಿಂದ ತಳಿ ಮಾಡುವವರಿಗೆ ದಾರಿ ತಪ್ಪುತ್ತದೆ. ಒಂದೇ ಕಾಯಿಯ ಸಸಿಗಳು ಒಂದೇ ತರಹ ಇರುವುದಿಲ್ಲ ಎಂಬುದೂ ನೆನಪಿರಲಿ. ಒಂದರ ಹೂಜಿ ತಾಯಿಯಂತೆ ಗುಂಡಗೆ, ಇನ್ನೊಂದರದು ತಂದೆಯಂತೆ ಉದ್ದಕ್ಕೆ, ಮತ್ತೊಂದರ ಬಣ್ಣ ಇಬ್ಬರಲ್ಲೂ ಇಲ್ಲದ್ದು. ಬೀಜದಿಂದ ಬೆಳೆಸುವ ಸಂತೋಷವೆಲ್ಲ ಇದರಲ್ಲಿದೆ ಎಂದು ನನಗನ್ನಿಸುತ್ತದೆ.

ಮೇಘಾಲಯದ ಖಾಸಿಯಾನಾದ ವಿಷಯ ಬೇರೆ. ಅದು ಅಳಿವಿನ ಅಂಚಿನಲ್ಲಿದೆ. ಗಾರೋ ಬೆಟ್ಟಗಳ ಬಾಘ್ಮಾರಾದಲ್ಲಿ ಅದಕ್ಕೆಂದೇ ಪುಟ್ಟ ರಕ್ಷಿತ ತಾಣವಿದೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿ ನೆಪೆಂಥಿಸ್ ಕುಲದಿಂದ ಇರುವುದು ಎರಡೇ, ಖಾಸಿಯಾನಾ ಮತ್ತು ರಾಜಾ. ಉಳಿದವು ಎರಡನೆಯ ಪಟ್ಟಿಯಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೂ ಖಾಸಿಯಾನಾ ನಿರ್ದಿಷ್ಟ ಸಸ್ಯಗಳ ಪಟ್ಟಿಗೆ ಸೇರಿದೆ. ಕಾಡಿನಿಂದ ಕೀಳುವುದಷ್ಟೇ ಅಲ್ಲ, ಪರವಾನಗಿಯಿಲ್ಲದೆ ಬೆಳೆಸುವುದನ್ನೂ ಮಾರುವುದನ್ನೂ ಕಾಯ್ದೆ ತಡೆಯುತ್ತದೆ. ಆನ್‌ಲೈನಿನಲ್ಲಿ ಯಾರಾದರೂ ಆ ಹೆಸರಿನ ಗಿಡ ಕೊಡುತ್ತೇನೆಂದರೆ ಕಾಗದಪತ್ರ ಕೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಕಾಯಿಯಿಂದ ಬೀಜ

ಪರಾಗ ಹಿಡಿದಿದ್ದರೆ ಒಂದೆರಡು ವಾರದಲ್ಲೇ ಅಂಡಾಶಯ ಊದುವುದು ಕಾಣುತ್ತದೆ. ಹಿಡಿಯದವು ಬಣಗಿ ಒಣಗುತ್ತವೆ. ಕಾಯಿ ಬಲಿಯಲು ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಹಸಿರು ಹೋಗಿ ಕಂದಾದ ಕಾಯಿ ನಾಲ್ಕು ಸೀಳಾಗಿ ಬಿರಿಯುತ್ತದೆ. ಬೀಜಗಳು ಕೂದಲೆಳೆಯಂತೆ ಹಗುರ, ಸ್ವಲ್ಪ ಗಾಳಿಗೂ ಹಾರಿಹೋಗುತ್ತವೆ. ಮೇಲಿನ ಮಹಡಿಗಳ ಬಾಲ್ಕನಿಯಲ್ಲಿ ಫ್ಯಾನಿನಷ್ಟು ಗಾಳಿ ಸದಾ ಇರುವುದರಿಂದ, ಕಾಯಿ ಕಂದಾಗತೊಡಗಿದಾಗಲೇ ಬಲೆಚೀಲ ಕಟ್ಟಿಬಿಡಿ.

ಪ್ರತಿ ಎಳೆಯ ನಡುವೆ ಒಂದು ಸಣ್ಣ ಉಬ್ಬು ಇರಬೇಕು, ಭ್ರೂಣ ಇರುವುದು ಅಲ್ಲಿ. ಉಬ್ಬಿಲ್ಲದ ಎಳೆ ಜೊಳ್ಳು. ಈ ಬೀಜಗಳ ಆಯಸ್ಸು ಕಡಿಮೆ, ಕೋಣೆಯ ಸೆಕೆಯಲ್ಲಿ ವಾರಗಳಲ್ಲೇ ಮೊಳೆಯುವ ಶಕ್ತಿ ಕುಂದುತ್ತದೆ. ಕೈಗೆ ಬಂದ ಕೂಡಲೇ ಬಿತ್ತುವುದೇ ಒಳಿತು. ಹಂಚಬೇಕಾದವನ್ನು ಕಾಗದದಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ.

ಬಿತ್ತನೆ, ಮತ್ತು ಬಹಳ ತಾಳ್ಮೆ

ಸಣ್ಣಗೆ ಕತ್ತರಿಸಿದ ಸ್ಫ್ಯಾಗ್ನಮ್ ಅಥವಾ ತೊಳೆದ ನಾರಿನ ಪುಡಿ ಮತ್ತು ಪರ್ಲೈಟಿನ ಮಿಶ್ರಣವನ್ನು ಕುದಿಯುವ ನೀರಿನಲ್ಲಿ ನೆನೆಸಿ ಆರಿಸಿ. ಇದರಿಂದ ಬೂಷ್ಟು, ಪಾಚಿಗಳ ಹಾವಳಿ ತಗ್ಗುತ್ತದೆ. ಬೀಜಗಳನ್ನು ಮೇಲೆ ಉದುರಿಸಿ, ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮಳೆನೀರನ್ನು ಮಂಜಿನಂತೆ ಸಿಂಪಡಿಸಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿ. ಸಿಹಿತಿಂಡಿ ಬರುವ ಡಬ್ಬಿಯೇ ಸಾಕು. ನೇರ ಬಿಸಿಲು ಬಿದ್ದರೆ ಒಳಗೆ ಬೆಂದುಹೋಗುತ್ತವೆ. ಬೆಳಕಿರುವ ನೆರಳು ಅಥವಾ ಎಲ್‌ಇಡಿ ದೀಪದ ಕೆಳಗಿನ ಜಾಗ ಇರಲಿ. 25ರಿಂದ 30 ಡಿಗ್ರಿಯಷ್ಟು ಬೆಚ್ಚಗಿದ್ದರೆ ತಗ್ಗು ನಾಡಿನವು ಮೂರರಿಂದ ಎಂಟು ವಾರಗಳೊಳಗೆ ಮೊಳೆಯುತ್ತವೆ. ಎರಡು ತಿಂಗಳಾಯಿತೆಂದು ಡಬ್ಬಿ ಚೆಲ್ಲಬೇಡಿ, ತಡವಾಗಿ ಏಳುವ ಬೀಜಗಳೂ ಇರುತ್ತವೆ.

ಮೊದಲು ಎರಡು ಬೀಜದೆಲೆಗಳು ಬರುತ್ತವೆ. ಅವುಗಳ ಹಿಂದೆಯೇ ಬರುವ ಎಲೆಗಳ ತುದಿಯಲ್ಲಿ ಗಸಗಸೆಯಷ್ಟು ಚಿಕ್ಕ ಹೂಜಿ! ಮುಚ್ಚಳ, ಬಾಯಿ ಎಲ್ಲವೂ ಇರುವ ಪೂರ್ಣ ಹೂಜಿ ಅದು. ಭೂತಗನ್ನಡಿ ಹಿಡಿದು ಮಕ್ಕಳಿಗೆ ತೋರಿಸಬೇಕಾದದ್ದು ಇದನ್ನು. ಆಮೇಲಿನ ಬೆಳವಣಿಗೆ ಬಹಳ ನಿಧಾನ. ಮೊದಲ ವರ್ಷದ ಕೊನೆಗೆ ಸಸಿ ಕೆಲವೇ ಸೆಂಟಿಮೀಟರ್ ಅಗಲವಿರುತ್ತದೆ. ಡಬ್ಬಿಯ ಮುಚ್ಚಳವನ್ನು ಒಮ್ಮೆಲೇ ತೆಗೆಯದೆ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಹೊರಗಿನ ಹವೆಗೆ ರೂಢಿ ಮಾಡಿ. ಮುಂಬೈ, ಗೋವಾದಲ್ಲಿ ಇದಕ್ಕೆ ಜೂನ್ ಹದವಾದ ತಿಂಗಳು, ಗಾಳಿಯಲ್ಲೇ ತೇವ ಇರುತ್ತದೆ. ಪುಣೆಯವರು ಜುಲೈವರೆಗೆ ಕಾದರೆ ಒಳ್ಳೆಯದು.

ಮೊದಲ ಹೂವಿಗೆ ಮೂರರಿಂದ ಐದು ವರ್ಷ, ಕೆಲವಕ್ಕೆ ಅದಕ್ಕಿಂತಲೂ ಹೆಚ್ಚು ಕಾಯಬೇಕಾಗುತ್ತದೆ. ಒಂದು ಕಾಯಿಯ ಸಸಿಗಳಲ್ಲಿ ಗಂಡೂ ಇರುತ್ತವೆ, ಹೆಣ್ಣೂ ಇರುತ್ತವೆ, ಯಾವುದು ಯಾವುದೆಂದು ಅಲ್ಲಿಯವರೆಗೆ ತಿಳಿಯದು. ಆದ್ದರಿಂದ ಚೆಂದದ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕೊಟ್ಟುಬಿಡಬೇಡಿ, ಜಾಗವಿದ್ದಷ್ಟು ಇಟ್ಟುಕೊಳ್ಳಿ. ಕೊಡುವ ಪ್ರತಿಯೊಂದರ ಕುಂಡದಲ್ಲೂ ತಾಯಿ, ತಂದೆಯ ಹೆಸರು, ಬಿತ್ತಿದ ತಾರೀಕು ಬರೆದ ಪಟ್ಟಿ ಚುಚ್ಚಿ. ಪೆನ್ನಿನ ಮಸಿ ಎರಡು ಮಳೆಗಾಲ ಕಾಣುವುದಿಲ್ಲ, ಪೆನ್ಸಿಲಿನಲ್ಲಿ ಬರೆಯಿರಿ.